ಉಗ್ಗು: ನಿಧಾನ ಮಾತಿನ ತರಬೇತಿಯೋ, ತಡೆ ಬಿಡಿಸುವ ತರಬೇತಿಯೋ?

ಉಗ್ಗುವ ದೊಡ್ಡವರಿಗೆ ವಾಕ್ ಚಿಕಿತ್ಸಕರು ಕಲಿಸುವ ದಾರಿ ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಇಡೀ ಮಾತಿನ ಧಾಟಿಯೇ ಬದಲಾಗುತ್ತದೆ: ಸ್ವರ ಎಳೆದು, ತುಟಿ-ನಾಲಿಗೆ ಹಗುರವಾಗಿ ತಾಗಿಸಿ, ಪದಕ್ಕೆ ಪದ ಜೋಡಿಸಿ ಮಾತಾಡುವುದು, ಆಮೇಲೆ ವೇಗ ಏರಿಸುವುದು. ಕ್ಲಿನಿಕ್‌ನಲ್ಲಿ ಬೇಗ ಫಲ ಕಾಣುತ್ತದೆ. ಆದರೆ ಫೋನ್‌ನಲ್ಲಿ, ಇಂಟರ್‌ವ್ಯೂನಲ್ಲಿ ಕೈಕೊಡುವುದುಂಟು. ಪ್ರತಿ ಪದದ ಮೇಲೂ ನಿಗಾ ಇಡಬೇಕಾದ್ದರಿಂದ ಸುಸ್ತಾಗುತ್ತದೆ, ದನಿಯೂ ಕೃತಕ ಅನ್ನಿಸಬಹುದು.

ಎರಡನೆಯದು ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ರೂಪಿಸಿದ್ದು. ಉಗ್ಗಿದ ಜಾಗವನ್ನಷ್ಟೇ ಹಿಡಿಯುತ್ತದೆ. "ಬೆಂಗಳೂರು" ಎನ್ನುವಾಗ ತುಟಿ ಬಿಗಿದುಕೊಂಡಿತು ಎನ್ನಿ. ಪದ ಮುಗಿಸಿ, ಎರಡು-ಮೂರು ಸೆಕೆಂಡು ನಿಂತು, ಬಿಗಿ ಎಲ್ಲಿತ್ತೆಂದು ಗಮನಿಸಿ, ಅದನ್ನೇ ಸಡಿಲವಾಗಿ ಮತ್ತೆ ಹೇಳಬೇಕು. ರೂಢಿಯಾದಂತೆ ತಡೆಯ ಮಧ್ಯದಲ್ಲೇ ತುಟಿ ಸಡಿಲಿಸಿ ಹೊರಬರುವುದು, ಕೊನೆಗೆ ಪದಕ್ಕೆ ಮುಂಚೆಯೇ ಸಿದ್ಧವಾಗುವುದು. ಉಗ್ಗು ಉಳಿಯಬಹುದು, ಗುದ್ದಾಟ ಇಳಿಯುತ್ತದೆ.

ಪದ ಬದಲಿಸಿ, ಫೋನ್ ತಪ್ಪಿಸಿ ದಿನ ದೂಡುತ್ತಿರುವವರಿಗೆ ಎರಡನೆಯದೇ ಮೊದಲು ಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಬರೀ ನಿರರ್ಗಳತೆಯ ಹಿಂದೆ ಬಿದ್ದರೆ ಉಗ್ಗುವ ಭಯ ಇನ್ನೂ ಬಲಿಯಬಹುದು. ಎರಡನ್ನೂ ಬೆರೆಸಿ ಕಲಿಯಲೂಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದರೂ, ಊರಿನ ಚಿಕಿತ್ಸಕರ ಹತ್ತಿರ ಹೋದರೂ ಯಾವ ದಾರಿ ಕಲಿಸುತ್ತೀರಿ ಎಂದು ಮೊದಲ ದಿನವೇ ಕೇಳಿ. ಯಾವ ದಾರಿ ಹಿಡಿದರೂ ಮನೆಯವರು "ನಿಧಾನ, ಉಸಿರು ತಗೋ" ಅನ್ನಬಾರದು, ವಾಕ್ಯ ತಾವೇ ಮುಗಿಸಿಕೊಡಬಾರದು.