ಲಿಟರೇಚರ್ ಸರ್ಚ್‌ಗೆ ಪಬ್‌ಮೆಡ್, ಗೂಗಲ್ ಸ್ಕಾಲರ್, ಚಂದಾ ಕಟ್ಟಿದ ಎಐ ಆ್ಯಪ್: ಮೂರನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಥೀಸಿಸ್ ಮಾಡುತ್ತಿದ್ದರೆ, ವೈದ್ಯಕೀಯ ಸಂಶೋಧನಾ ಪೇಪರ್‌ಗಳನ್ನು ಹುಡುಕುವ ಡೇಟಾಬೇಸ್ ಆದ ಪಬ್‌ಮೆಡ್‌ನಿಂದಲೇ ಶುರು ಮಾಡಿ. ಪೂರ್ತಿ ಫ್ರೀ. ನಾನು ಉಡುಪಿಯಲ್ಲಿ ಕೂತು ಮಂಗನ ಕಾಯಿಲೆಯ ಮೇಲೆ ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಈವರೆಗಿನ ಪೇಪರ್‌ಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟಾಗಿ ನೋಡುವ ವಿಮರ್ಶೆ, ಬರೆಯುತ್ತಿದ್ದೇನೆ. ಬೇಗ ಮುಗಿಯಲಿ ಅಂತ ಒಂದು ಎಐ ಸರ್ಚ್ ಆ್ಯಪ್‌ಗೆ ತಿಂಗಳ ಚಂದಾ ಕಟ್ಟಿದ್ದೆ. ಈಗ ಅದನ್ನು ನಿಲ್ಲಿಸಿದ್ದೇನೆ.

ಆ್ಯಪ್‌ನ ಹೆಸರು ಬೇಡ, ಇಂಥವು ಈಗ ಬೇಕಾದಷ್ಟು ಉಂಟು. ಪ್ರಶ್ನೆ ಕೇಳಿದರೆ ಪೇಪರ್‌ಗಳ ಪಟ್ಟಿ ಬರುತ್ತದೆ, ಒಂದೊಂದರ ಕೆಳಗೆ ಸಾರಾಂಶವೂ ಇರುತ್ತದೆ. ನನಗೆ ಕೊಟ್ಟ ಪೇಪರ್‌ಗಳೆಲ್ಲ ನಿಜವಾದವೇ, ಅದರಲ್ಲಿ ತಕರಾರಿಲ್ಲ. ತೊಂದರೆ ಶುರುವಾದದ್ದು ಪಟ್ಟಿಯನ್ನು ಗೈಡ್ ಮೇಡಂ ಮುಂದೆ ಇಟ್ಟಾಗ. ಅವರು ಪೇಪರ್‌ಗಳನ್ನು ನೋಡಲೇ ಇಲ್ಲ. "ಸರ್ಚ್ ಸ್ಟ್ರಿಂಗ್ ಎಲ್ಲಿ ಉಂಟು? ಒಟ್ಟು ಎಷ್ಟು ಸಿಕ್ಕಿತು, ಎಷ್ಟು ಬಿಟ್ಟಿರಿ, ಯಾಕೆ ಬಿಟ್ಟಿರಿ?" ಅಂತ ಕೇಳಿದರು. ಹುಡುಕಲು ಡೇಟಾಬೇಸ್‌ಗೆ ಹಾಕುವ ಪದಗಳ ಸಾಲೇ ಸರ್ಚ್ ಸ್ಟ್ರಿಂಗ್.

ಆ್ಯಪ್‌ನಲ್ಲಿ ಇದಕ್ಕೆ ಉತ್ತರ ಸಿಗುವ ಜಾಗವೇ ಇಲ್ಲ. ಅದೇ ಪ್ರಶ್ನೆಯನ್ನು ಮಾರನೇ ದಿನ ಕೇಳಿದರೆ ಪಟ್ಟಿ ಬೇರೆ. ನಿನ್ನೆ ಮೇಲೆ ಇದ್ದ ಪೇಪರ್ ಇವತ್ತು ಇಲ್ಲವೇ ಇಲ್ಲ. ಯಾವ ಡೇಟಾಬೇಸ್‌ನಲ್ಲಿ ಹುಡುಕುತ್ತೀರಿ ಅಂತ ಕಂಪನಿಗೆ ಮೇಲ್ ಹಾಕಿದರೆ, ಅತಿ ಸೂಕ್ತವಾದದ್ದನ್ನು ಆರಿಸಿ ಕೊಡುತ್ತೇವೆ ಎಂಬ ಉತ್ತರ ಬಂತು. ಆದರೆ ಸಿಸ್ಟಮ್ಯಾಟಿಕ್ ರಿವ್ಯೂಗೆ ಎಲ್ಲರೂ ಹಿಡಿಯುವ ಪ್ರಿಸ್ಮಾ 2020 ಮಾರ್ಗಸೂಚಿ ಕೇಳುವುದೇ ಬೇರೆ: ಪ್ರತಿ ಡೇಟಾಬೇಸ್‌ಗೂ ಹಾಕಿದ ಪೂರ್ತಿ ಸರ್ಚ್, ಬಳಸಿದ ಫಿಲ್ಟರ್, ಕೊನೆಯದಾಗಿ ಹುಡುಕಿದ ದಿನಾಂಕ. ಆರಿಸುವ ಕೆಲಸ ನನ್ನದು. ಮೊದಲು ಇರುವುದನ್ನೆಲ್ಲ ನನ್ನ ಮುಂದೆ ಹಾಕಬೇಕು, ಅಲ್ವಾ?

ಹಳೆಯ ಪೇಪರ್‌ಗಳ ವಿಷಯದಲ್ಲಿ ನನಗೆ ಇನ್ನೂ ಬೇಸರ ಆಯಿತು. ಈ ಕಾಯಿಲೆ ಗೊತ್ತಾದದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನ ಕಡೆ. ಕಾಯಿಲೆ ಹರಡುವ ಉಣ್ಣೆ ಹುಳ, ಮಂಗ, ಕಾಡಿನ ಇಲಿ ಅಂತ ಕಾಡು ಸುತ್ತಿ ಮಾಡಿದ ಮೂಲ ಕೆಲಸ ಎಷ್ಟೋ 60ರ ದಶಕದ್ದು. ಆ್ಯಪ್ ಅವನ್ನು ತೋರಿಸಲೇ ಇಲ್ಲ, ಇತ್ತೀಚಿನದನ್ನೇ ತಿರುಗಿಸಿ ತಿರುಗಿಸಿ ಕೊಟ್ಟಿತು.

ಪಬ್‌ಮೆಡ್‌ನಲ್ಲೂ 1975ಕ್ಕಿಂತ ಹಿಂದಿನ ಪೇಪರ್‌ಗಳಿಗೆ ಸಾಮಾನ್ಯವಾಗಿ ಅಬ್‌ಸ್ಟ್ರಾಕ್ಟ್ ಇರುವುದಿಲ್ಲ, ಟೈಟಲ್ ಮಾತ್ರ. ಆದರೆ ಅಲ್ಲಿ ಮೆಶ್ ಉಂಟು. ಪೇಪರ್ ಯಾವುದರ ಬಗ್ಗೆ ಅಂತ ಗುರುತಿಸಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಹಚ್ಚುವ ವಿಷಯದ ಹೆಸರುಗಳು ಅವು. ಮಂಗನ ಕಾಯಿಲೆಗೆ, ಅಂದರೆ ಇಂಗ್ಲಿಷ್‌ನ ಕ್ಯಾಸನೂರು ಫಾರೆಸ್ಟ್ ಡಿಸೀಸ್‌ಗೆ (ಕೆಎಫ್‌ಡಿ), ಅದರದ್ದೇ ಮೆಶ್ ಹೆಸರು ಇದೆ. ಟೈಟಲ್‌ನಲ್ಲಿ ಬರೀ ಉಣ್ಣೆಯ ಜಾತಿಯ ಹೆಸರಿದ್ದರೂ ಪೇಪರ್ ಸಿಗುವ ದಾರಿ ಅದು. ಹಾಗಂತ ಮೆಶ್ ಒಂದನ್ನೇ ನಂಬಬೇಡಿ. ತೀರಾ ಹೊಸ ಪೇಪರ್‌ಗೆ ಅದು ಇನ್ನೂ ಹಚ್ಚಿರುವುದಿಲ್ಲ, ಕೆಲವು ಜರ್ನಲ್‌ಗಳ ಪೇಪರ್‌ಗೆ ಹಚ್ಚುವುದೇ ಇಲ್ಲ. ಅದಕ್ಕೇ ಒಂದು ಸಾಲಿನಲ್ಲಿ ಮೆಶ್, ಇನ್ನೊಂದು ಸಾಲಿನಲ್ಲಿ ಟೈಟಲ್ ಮತ್ತು ಅಬ್‌ಸ್ಟ್ರಾಕ್ಟ್‌ನ ಪದಗಳು, ಎರಡನ್ನೂ 'ಆರ್' (OR, ಅಂದರೆ ಇದು ಇಲ್ಲವೇ ಅದು) ಹಾಕಿ ಸೇರಿಸುವುದು.

ಕೆಎಫ್‌ಡಿ ಅಂತ ಚಿಕ್ಕದಾಗಿ ಹಾಕಿ ನೋಡಿ. ಕಿಕುಚಿ-ಫುಜಿಮೊಟೊ ಡಿಸೀಸ್ ಎಂಬ, ಕತ್ತಿನ ಗಂಟು ಊದುವ ಬೇರೆಯೇ ಕಾಯಿಲೆಯ ಪೇಪರ್‌ಗಳು ರಾಶಿ ಬೀಳುತ್ತವೆ. ಪಬ್‌ಮೆಡ್‌ನ ಅಡ್ವಾನ್ಸ್ಡ್ ಪುಟದಲ್ಲಿ ಪ್ರತಿ ಸಾಲಿನ ಎದುರು ಎಷ್ಟು ಸಿಕ್ಕಿತು ಅಂತ ಸಂಖ್ಯೆ ಇರುತ್ತದೆ. ಯಾವ ಪದ ಹಾಕಿದಾಗ ಕಸ ಬಂತು ಅಂತ ಅಲ್ಲೇ ಕಾಣುತ್ತದೆ. ಮೇಡಂ ಕೇಳಿದ್ದು ಈ ಪುಟವನ್ನೇ. ಡೌನ್‌ಲೋಡ್ ಮಾಡಿ ಥೀಸಿಸ್‌ನ ಅನುಬಂಧಕ್ಕೆ ಹಾಕಿದರಾಯಿತು.

ನಮ್ಮ ಜಿಲ್ಲೆಯ ಪೇಪರ್ ಹುಡುಕುವವರು ಊರಿನ ಹೆಸರಿನ ಮೇಲೆ ಸ್ವಲ್ಪ ಸಮಯ ಹಾಕಿ ಮಾರಾಯ್ರೆ. 80ರ ದಶಕದ ಶುರುವಿನಲ್ಲಿ ಬೆಳ್ತಂಗಡಿ ಕಡೆ ಮಂಗನ ಕಾಯಿಲೆ ಜೋರಾಗಿ ಬಂದಿತ್ತು. ಅದನ್ನು ಹುಡುಕುವಾಗ ದಕ್ಷಿಣ ಕನ್ನಡ, ಸೌತ್ ಕೆನರಾ, ಕೆ ಅಕ್ಷರದ ಸೌತ್ ಕನರಾ, ಎಲ್ಲ ಹಾಕಬೇಕು. ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕಿಂತ ಹಿಂದಿನದೆಲ್ಲ ದಕ್ಷಿಣ ಕನ್ನಡದ ಲೆಕ್ಕ. ಮಂಗಳೂರು, ಶಿವಮೊಗ್ಗಗಳ ಇಂಗ್ಲಿಷ್ ಸ್ಪೆಲಿಂಗ್ 2014ರಲ್ಲಿ ಬದಲಾಯಿತು, ಹಾಗಾಗಿ ಎರಡೂ ಬೇಕು.

ಇಷ್ಟು ಉದ್ದದ ಸ್ಟ್ರಿಂಗ್ ಗೂಗಲ್ ಸ್ಕಾಲರ್‌ಗೆ ಆಗುವುದಿಲ್ಲ. ಅಲ್ಲಿ 256 ಅಕ್ಷರಕ್ಕೆ ಮಿತಿ, ಕಾಣುವುದು ಮೊದಲ ಸಾವಿರ ಫಲಿತಾಂಶ ಮಾತ್ರ, ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳುವ ಸೌಲಭ್ಯವೂ ಇಲ್ಲ. ಪಬ್‌ಮೆಡ್‌ನಲ್ಲಿ ಒಂದೇ ಸಲಕ್ಕೆ 10,000 ದಾಖಲೆ ಇಳಿಸಿ, ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೋ ಸಾಫ್ಟ್‌ವೇರ್‌ಗೆ ಹಾಕಬಹುದು.

ಆದರೂ ಸ್ಕಾಲರ್ ಬಿಡಬೇಡಿ. ಪೇಪರ್‌ನ ಒಳಗಿನ ಪಠ್ಯದಲ್ಲೂ ಅದು ಹುಡುಕುತ್ತದೆ. ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂಬ ಕೊಂಡಿ ಹಿಡಿದು ಹೋದರೆ ಒಂದು ಹಳೆ ಪೇಪರ್‌ನಿಂದ ಇವತ್ತಿನವರೆಗೆ ಬರಬಹುದು. ಪಬ್‌ಮೆಡ್‌ನಲ್ಲಿ ಇಲ್ಲದ ಸಣ್ಣ ಭಾರತೀಯ ಜರ್ನಲ್‌ಗಳು ನನಗೆ ಸಿಕ್ಕಿದ್ದು ಅಲ್ಲೇ.

ಸ್ಕೋಪಸ್ ಎಂಬ ಇನ್ನೊಂದು ಡೇಟಾಬೇಸ್ ಒಳ್ಳೆಯದೇ, ಆದರೆ ಸಂಸ್ಥೆ ಚಂದಾ ಕಟ್ಟಿರಬೇಕು. ಥೀಸಿಸ್‌ಗಳಿಗೆ, ಭಾರತದ ಥೀಸಿಸ್‌ಗಳನ್ನು ಇಡುವ ಶೋಧಗಂಗಾ ಜಾಲತಾಣ.

ಚರಿತ್ರೆ, ಕನ್ನಡ, ತುಳು ಸಂಶೋಧನೆ ಮಾಡುವವರಿಗೆ ನನ್ನ ಈ ಓಟು ಲೆಕ್ಕಕ್ಕಿಲ್ಲ, ಪಬ್‌ಮೆಡ್‌ನಲ್ಲಿ ನಿಮಗೆ ಜಾಸ್ತಿ ಏನೂ ಸಿಗದು. ಉಳಿದವರು ಆ್ಯಪ್‌ಗೆ ದುಡ್ಡು ಹಾಕುವ ಮೊದಲು ಕಾಲೇಜಿನ ಲೈಬ್ರರಿಯವರ ಹತ್ತಿರ ಒಂದು ಮಧ್ಯಾಹ್ನ ಕೂತು ಸ್ಟ್ರಿಂಗ್ ಬರೆಯಿರಿ. ಸರ್ಕಾರಿ ಸಂಸ್ಥೆಯಲ್ಲಿದ್ದರೆ, ಜರ್ನಲ್‌ಗಳ ಚಂದಾವನ್ನು ಕೇಂದ್ರ ಸರ್ಕಾರವೇ ಕಟ್ಟುವ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯ ಬಗ್ಗೆಯೂ ಅವರನ್ನೇ ಕೇಳಿ. 2025ರ ಜನವರಿಯಿಂದ ಸುಮಾರು 13,000 ಜರ್ನಲ್‌ಗಳು ಅದರಲ್ಲಿ ಬರುತ್ತವೆ. ನನ್ನ ಹಾಗೆ ಖಾಸಗಿ ಕಾಲೇಜಿನವರಿಗೆ ಅದು ಇಲ್ಲ, ನಾವು ಪೇಪರ್ ಬರೆದವರಿಗೇ ಮೇಲ್ ಮಾಡಿ ಕೇಳಬೇಕು.