ಗ್ರಾಫ್ ನೆಟ್ಟಗೆ ಮಾಡಲು ಹೋಗಿ ಸಬ್‌ವೂಫರ್ ಸುಟ್ಟುಕೊಂಡೆ

ರೂಮ್ ಕರೆಕ್ಷನ್ (ಮೈಕಿನಿಂದ ಅಳೆದು ಕೋಣೆಗೆ ತಕ್ಕ ಹಾಗೆ ಶಬ್ದ ತಿದ್ದುವ ಸೌಲಭ್ಯ) ಇರುವ ಹೋಮ್ ಥಿಯೇಟರ್ ರಿಸೀವರ್ ತಗೊಂಡಿದ್ದೀರಾ? ಜೊತೆಗೊಂದು ಯುಎಸ್‌ಬಿ ಅಳತೆ ಮೈಕ್ ತರಿಸೋಣ ಅಂತಿದ್ದೀರಾ? ಹಾಗಾದರೆ ಮೊದಲು ಇದನ್ನು ಓದಿ, ಆಮೇಲೆ ಮೈಕ್ ಚುಚ್ಚಿ. ಯಾವ ಸ್ವರ ಎಷ್ಟು ಜೋರಾಗಿದೆ ಅಂತ ತೋರಿಸುವ ಗ್ರಾಫನ್ನು ನಾನು ಎರಡು ವಾರ ತಿದ್ದುತ್ತಾ ಕೂತು, ಚೆನ್ನಾಗಿದ್ದ ಸಬ್‌ವೂಫರನ್ನು (ಬೇಸ್ ಶಬ್ದಕ್ಕೆಂದೇ ಇರುವ ಸ್ಪೀಕರ್) ಸುಟ್ಟು ಹಾಕಿದೆ. ತಪ್ಪು ರಿಸೀವರಿನದಲ್ಲ, ಮೈಕಿನದೂ ಅಲ್ಲ. ಪೂರ್ತಿ ನನ್ನದೇ.

ಶುರುವಾಗಿದ್ದು ಸೋಮಾರಿತನದಿಂದ. ರಿಸೀವರಿನ ಡಬ್ಬಿಯಲ್ಲಿ ಬಂದ ಪುಟ್ಟ ಮೈಕನ್ನು ಟ್ರೈಪಾಡ್ ಮೇಲೆ, ಕಿವಿಯ ಎತ್ತರದಲ್ಲಿ ಇಡಿ ಅಂತ ಕೈಪಿಡಿಯಲ್ಲಿ ಚಿತ್ರ ಸಮೇತ ಬರೆದಿತ್ತು. ಟ್ರೈಪಾಡ್ ಯಾರು ಹುಡುಕುತ್ತಾರೆ ಅಂತ ನಾನು ದಿಂಬಿನ ಮೇಲೆ ದಿಂಬು ಜೋಡಿಸಿದೆ. ಅದರ ಮೇಲೆ ಮೈಕ್. ಹಿಂದೆ ಐದು ಸೆಂಟಿಮೀಟರ್ ದೂರದಲ್ಲಿ ಸೋಫಾದ ರೆಕ್ಸಿನ್ ಬೆನ್ನು. ಎಂಟು ಜಾಗದಲ್ಲಿ ಅಳೆಯಿರಿ ಅಂತ ಸ್ಕ್ರೀನ್ ಕೇಳಿತು. ಮೂರಕ್ಕೇ ಬೇಜಾರಾಗಿ ನಿಲ್ಲಿಸಿದೆ. ಫ್ಯಾನ್ ಆಫ್ ಮಾಡಿದ್ದೆ, ಅಷ್ಟೇ ಪುಣ್ಯ.

ಎಲ್ಲಾ ಮುಗಿದು ಹಾಡು ಹಾಕಿದರೆ, ಹಾಡುವವರೆಲ್ಲ ಮೂಗು ಹಿಡಿದುಕೊಂಡು ಕಿರುಚಿದ ಹಾಗಿತ್ತು. ಕಾರಣ ಆಮೇಲೆ ಗೊತ್ತಾಯಿತು. ಸ್ಪೀಕರಿನ ಶಬ್ದ ಮೈಕಿಗೆ ನೇರವಾಗಿ ಒಂದು ಸಲ ಬರುತ್ತದೆ. ರೆಕ್ಸಿನ್‌ಗೆ ಬಡಿದು ಇನ್ನೊಂದು ಸಲ ಬರುತ್ತದೆ, ಹತ್ತು ಸೆಂಟಿಮೀಟರ್ ಜಾಸ್ತಿ ದಾರಿ ಸವೆಸಿ. ಸುಮಾರು 1700 ಹರ್ಟ್ಜ್‌ನಲ್ಲಿ ಹತ್ತು ಸೆಂಟಿಮೀಟರ್ ಅಂದರೆ ಸರಿಯಾಗಿ ಅರ್ಧ ಅಲೆ. ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಇಲ್ಲಿ ಶಬ್ದವೇ ಕಮ್ಮಿ ಇದೆ ಅಂದುಕೊಂಡ ರಿಸೀವರ್ ಪಾಪ ಏರಿಸಿತು. ನಮ್ಮ ಕಿವಿಗೆ ಮಾತು ಚುಚ್ಚುವ ಜಾಗವೂ ಆ ಸುತ್ತಮುತ್ತಲೇ. ಟ್ರೈಪಾಡ್ ತಂದು ಮತ್ತೆ ಅಳೆದ ಮೇಲೆ ಈ ಕಾಟ ತಪ್ಪಿತು.

ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತು ಈ ಬರಹ ಇರುತ್ತಿರಲಿಲ್ಲ.

ರಿಸೀವರ್ ತೋರಿಸಿದ ದೂರಗಳನ್ನು ನೋಡುತ್ತಾ ಕೂತೆ. ಸಬ್‌ವೂಫರ್ 5.1 ಮೀಟರ್ ದೂರದಲ್ಲಿದೆ ಅಂದಿತ್ತು. ಟೇಪ್ ಹಿಡಿದು ಅಳೆದರೆ 3.2. "ಇದಕ್ಕೆ ಲೆಕ್ಕವೇ ಬರಲ್ಲ" ಅಂತ ನಕ್ಕು 3.2 ಅಂತ ತಿದ್ದಿದೆ. ನಿಜವಾಗಿ ಲೆಕ್ಕ ಬರದೇ ಇದ್ದವನು ನಾನು. ರಿಸೀವರ್ ಅಳೆಯುವುದು ದೂರವನ್ನಲ್ಲ, ಸಮಯವನ್ನು. ಸಬ್‌ವೂಫರಿನ ಒಳಗಿನ ಫಿಲ್ಟರ್, ಡಿಎಸ್‌ಪಿ (ಶಬ್ದವನ್ನು ಸಂಸ್ಕರಿಸುವ ಚಿಪ್) ಎಲ್ಲಾ ದಾಟಿ ಶಬ್ದ ಹೊರಬರಲು ಕೆಲವು ಮಿಲಿಸೆಕೆಂಡ್ ಬೇಕು. ಆ ತಡವನ್ನೂ ಸೇರಿಸಿ ಅದು ಮೀಟರಿನಲ್ಲಿ ಬರೆಯುತ್ತದೆ. ನಾನು ಕಿತ್ತುಹಾಕಿದ 1.9 ಮೀಟರ್ ಅಂದರೆ ಹತ್ತಿರ ಹತ್ತಿರ 5.5 ಮಿಲಿಸೆಕೆಂಡ್. ನನ್ನ ಕ್ರಾಸ್‌ಓವರ್, ಅಂದರೆ ಸಬ್ ಮತ್ತು ಮುಂದಿನ ಸ್ಪೀಕರ್‌ಗಳ ನಡುವೆ ಶಬ್ದ ಹಂಚುವ ಗೆರೆ, ಇದ್ದದ್ದು 80 ಹರ್ಟ್ಜ್‌ಗೆ. ಅಲ್ಲಿ ಅರ್ಧ ಅಲೆ 2.1 ಮೀಟರ್. ಅಂದರೆ ಸಬ್ಬೂ ಮುಂದಿನ ಸ್ಪೀಕರ್‌ಗಳೂ ಕೈ ಬದಲಾಯಿಸಿಕೊಳ್ಳುವ ಜಾಗದಲ್ಲೇ ಇಬ್ಬರೂ ಜಗಳಕ್ಕೆ ನಿಂತರು. ಬೇಸ್ ಪುಸ್ ಅಂತು.

ಏನಾಗಿದೆ ನೋಡೋಣ ಅಂತ ಯುಎಸ್‌ಬಿ ಮೈಕ್ ತರಿಸಿದೆ. ರೂಮ್ ಈಕ್ಯೂ ವಿಝಾರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಒಳ್ಳೇ ಸಾಧನ, ಅದರ ಮೇಲೆ ಏನೂ ದೂರಿಲ್ಲ. ಮೈಕಿನ ಜೊತೆ ಅದರ ಅಳತೆಯ ಏರುಪೇರು ಸರಿಪಡಿಸುವ ಎರಡು ಕ್ಯಾಲಿಬ್ರೇಷನ್ ಫೈಲ್ ಬಂದಿದ್ದವು. ಮೈಕನ್ನು ಸ್ಪೀಕರಿನ ಕಡೆ ತಿರುಗಿಸಿದರೆ 0 ಡಿಗ್ರಿಯದು, ಸೂರಿನ ಕಡೆ ನಿಲ್ಲಿಸಿದರೆ 90 ಡಿಗ್ರಿಯದು. ನಾನು ಸೂರಿನ ಕಡೆ ನಿಲ್ಲಿಸಿ 0 ಫೈಲ್ ಹಾಕಿದೆ. ಮೇಲಿನ ಸ್ವರಗಳು ಇರುವುದಕ್ಕಿಂತ ಕಮ್ಮಿ ಕಂಡವು, ಟ್ರೆಬಲ್ ಏರಿಸಿದೆ. ಪ್ರತಿ 'ಸ'ಕಾರವೂ ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ ಕೇಳತೊಡಗಿತು.

ಆದರೆ ಕಣ್ಣಿಗೆ ಕುಕ್ಕುತ್ತಿದ್ದದ್ದು ಬೇಸ್ ಗ್ರಾಫ್. 34 ಹರ್ಟ್ಜ್ ಹತ್ತಿರ ಒಂದು ದಿಬ್ಬ. 57ರಲ್ಲಿ ಒಂದು ಆಳದ ಗುಂಡಿ, 80ರಲ್ಲಿ ಇನ್ನೊಂದು. ದಿಬ್ಬ ಬಂದದ್ದು ಕೋಣೆಯ ಐದು ಮೀಟರ್ ಉದ್ದದಿಂದ. ಅದನ್ನು 6 ಡೆಸಿಬಲ್ ತಗ್ಗಿಸಿದೆ, ಗುಂಯ್ ಅನ್ನುವುದು ಚೆನ್ನಾಗಿಯೇ ನಿಂತಿತು. ಆ ಖುಷಿಯಲ್ಲಿ ಗುಂಡಿಗಳಿಗೆ ಕೈ ಹಾಕಿದೆ. ಸಬ್‌ಗೆ ಹೋಗುವ ಸಿಗ್ನಲ್‌ನಲ್ಲಿ ಎರಡೂ ಕಡೆ 9 ಡೆಸಿಬಲ್ ಏರಿಸಿದೆ. 80ರದ್ದು ಅರೆಬರೆ ಮುಚ್ಚಿತು. 57ರದ್ದು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಹಟಕ್ಕೆ ಬಿದ್ದು 12 ಮಾಡಿದೆ.

3 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ಕೊಡಬೇಕಾದ ಶಕ್ತಿ ಎರಡು ಪಟ್ಟಾಗುತ್ತದೆ. 12 ಅಂದರೆ ಹದಿನಾರು ಪಟ್ಟು. ಅಷ್ಟು ಕೊಟ್ಟರೂ ಗುಂಡಿ ಯಾಕೆ ತುಂಬಲಿಲ್ಲ? ನನ್ನ ಸೋಫಾ ಹಿಂದಿನ ಗೋಡೆಯಿಂದ 1.5 ಮೀಟರ್ ದೂರ ಇತ್ತು. 57 ಹರ್ಟ್ಜ್‌ಗೆ ಅದು ಕಾಲು ಅಲೆ. ಗೋಡೆಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಶಬ್ದ ಅರ್ಧ ಅಲೆ ಹಿಂದೆ ಬಿದ್ದಿರುತ್ತದೆ, ನೇರ ಬಂದದ್ದನ್ನು ತಿಂದುಹಾಕುತ್ತದೆ. ನೇರದ್ದನ್ನು ಏರಿಸಿದರೆ ವಾಪಸ್ ಬರುವುದೂ ಅಷ್ಟೇ ಏರುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಒಬ್ಬೊಬ್ಬರನ್ನು ಸೇರಿಸುತ್ತಾ ಹೋದ ಹಾಗೆ. ಹಗ್ಗ ಅಲ್ಲೇ ಇರುತ್ತದೆ, ಎಳೆಯುವವರ ಕೈ ಸುಲಿಯುತ್ತದೆ.

ಆ ಶನಿವಾರ ರಾತ್ರಿ ಒಂದು ಯುದ್ಧದ ಸಿನಿಮಾ ಹಾಕಿದೆವು. ಫಿರಂಗಿ ಹಾರಿದಾಗಲೆಲ್ಲ ಸಬ್‌ನಿಂದ ಟಪ್ ಟಪ್ ಅಂತ ಒಣ ಶಬ್ದ. ಸಿನಿಮಾದ್ದೇ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾರ್ನಿಷ್ ವಾಸನೆ. "ಏನ್ರೀ ಇದು, ಎಲ್ಲೋ ವೈರ್ ಸುಡ್ತಿದೆ" ಅಂತ ಮನೆಯವರು ಎದ್ದು ಸ್ವಿಚ್‌ಬೋರ್ಡ್‌ಗಳನ್ನೆಲ್ಲ ಮೂಸಿ ನೋಡಿದರು. ನಾನು ಸಬ್ ಹತ್ತಿರ ಬಗ್ಗಿದೆ. ಬೆರಳಿನಿಂದ ಕೋನನ್ನು ಮೆತ್ತಗೆ ಒತ್ತಿದರೆ ಒಳಗೆ ಕರಕರ ಉಜ್ಜುತ್ತಿತ್ತು. ರಿಪೇರಿಯವರು ಬಿಚ್ಚಿ ತೋರಿಸಿದರು. ಕಾಯಿಲ್ ಕರ್ರಗಾಗಿ, ಸುತ್ತು ಸುತ್ತು ಬಿಟ್ಟುಕೊಂಡಿತ್ತು. "ಏನ್ ಸರ್ ಕೊಟ್ರಿ ಇದಕ್ಕೆ?" ಅಂದರು. ಗ್ರಾಫ್ ತೋರಿಸೋಣ ಅನ್ನಿಸಿತು, ಸುಮ್ನಾದೆ.

ಈಗ ಸಬ್‌ಗೆ ಹೊಸ ಡ್ರೈವರ್ (ಕೋನ್, ಕಾಯಿಲ್ ಸೇರಿದ ಭಾಗ) ಹಾಕಿಸಿದ್ದೇನೆ. ಸಬ್ ದೂರ ಮತ್ತೆ 5.1 ಮಾಡಿದ ತಕ್ಷಣ 80ರ ಗುಂಡಿ ತಾನಾಗೇ ತುಂಬಿತು, ಒಂದು ಡೆಸಿಬಲ್ಲೂ ಏರಿಸದೆ. ನಿಮ್ಮ ರಿಸೀವರ್ ಸಬ್ ದೂರ ಜಾಸ್ತಿ ತೋರಿಸಿದರೆ ದಯವಿಟ್ಟು ಮುಟ್ಟಬೇಡಿ. 57ರದ್ದಕ್ಕೆ ಸೋಫಾವನ್ನು 60 ಸೆಂಟಿಮೀಟರ್ ಹಿಂದಕ್ಕೆ ತಳ್ಳಿದೆ. ಗುಂಡಿ 95ರ ಕಡೆ ಜರುಗಿ, ಆಳವೂ ಕಮ್ಮಿ ಆಯಿತು. ಎರಡು ವಾರ ಕೂತು ಮಾಡಲಾಗದ್ದು ಎರಡು ನಿಮಿಷ ಸೋಫಾ ತಳ್ಳಿದ್ದಕ್ಕೆ ಆಯಿತು, ನೋಡಿ. ಎಂಟೂ ಜಾಗದಲ್ಲಿ ಅಳೆದೆ. ಏರಿಸುವ ಮಿತಿಯನ್ನು 3 ಡೆಸಿಬಲ್‌ಗೆ ಕಟ್ಟಿದ್ದೇನೆ. ಕರೆಕ್ಷನ್ನನ್ನೂ 300 ಹರ್ಟ್ಜ್‌ವರೆಗೆ ಮಾತ್ರ ಬಿಟ್ಟಿದ್ದೇನೆ. ಅದಕ್ಕಿಂತ ಮೇಲೆ ಅಲೆ ಚಿಕ್ಕದಾಗುತ್ತಾ ಹೋಗುತ್ತದೆ. 10,000 ಹರ್ಟ್ಜ್‌ನಲ್ಲಿ ಇಡೀ ಅಲೆಯೇ ಮೂರೂವರೆ ಸೆಂಟಿಮೀಟರ್. ಮೈಕ್ ಇದ್ದ ಜಾಗಕ್ಕೆ ತಿದ್ದಿದ್ದು ತಲೆ ಸ್ವಲ್ಪ ವಾಲಿದರೂ ಸುಳ್ಳಾಗುತ್ತದೆ.

ಗ್ರಾಫ್‌ನಲ್ಲಿ 95ರ ಹತ್ತಿರ ಈಗಲೂ ಸಣ್ಣ ತಗ್ಗು ಇದೆ. ಮೈಕನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಿದ್ದೇನೆ.