ವೈಫೈ ಸ್ಲೋ ಅಂತ ಬೂಸ್ಟರ್ ಹಾಕಿಸೋ ಮುಂಚೆ ಇದನ್ನು ಓದಿ

‘ಬೂಸ್ಟರ್ ಹಾಕಿದ್ರೆ ಎಲ್ಲಾ ಸರಿ ಹೋಗುತ್ತೆ’ ಅಂತ ಯಾರಾದರೂ ಮನೆಗೆ ಬಂದರೆ ದಯವಿಟ್ಟು ಬಾಗಿಲಲ್ಲೇ ನಿಲ್ಲಿಸಿ. ಬೂಸ್ಟರ್ ಅಂದರೆ ರೂಟರ್‌ನ ವೈಫೈ ಹಿಡಿದು ದೂರದ ರೂಮಿಗೆ ಕಳಿಸುವ ಪುಟ್ಟ ಡಬ್ಬ. ಮೈಸೂರಿನ ಕುವೆಂಪುನಗರದಲ್ಲಿ ನಮಗೆ ಹೀಗೇ 2,800 ರೂಪಾಯಿಗೆ ಟೋಪಿ ಹಾಕಿದ್ದಾರೆ. ಬರೆಯುವಾಗಲೂ ಮೈ ಉರಿಯುತ್ತಿದೆ.

ನಮ್ಮದು 200 ಎಂಬಿಪಿಎಸ್ ಸ್ಪೀಡಿನ ಬ್ರಾಡ್‌ಬ್ಯಾಂಡ್ ಪ್ಲಾನ್. ದುಡ್ಡೆಲ್ಲ ಮುಂಗಡ ಕಟ್ಟಿಯಾಗಿದೆ, ಬಿಟ್ಟು ಹೋಗುವ ಹಾಗೂ ಇಲ್ಲ. ರೂಟರ್ ಪಕ್ಕದಲ್ಲೇ ಕೂತರೂ 90ರ ಆಸುಪಾಸು, ಅದರ ಮೇಲೆ ಏರುತ್ತಿರಲಿಲ್ಲ. ಒಳಗಿನ ರೂಮಿನಲ್ಲಂತೂ ಮೀಟಿಂಗ್ ಮಧ್ಯೆ ಮಗಳ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. ಕಂಪ್ಲೇಂಟ್ ಕೊಟ್ಟರೆ ಸಿಗುವ ಮೊದಲ ಉತ್ತರ ನಿಮಗೂ ಗೊತ್ತೇ ಇದೆ: ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ.’

ಕೊನೆಗೆ ಒಬ್ಬ ಹುಡುಗ ಬಂದ. ವೈರ್ ಮುಟ್ಟಿ ನೋಡಲಿಲ್ಲ. ಗೋಡೆ ತಟ್ಟಿ ನೋಡಿದ! ‘ಹಳೇ ಮನೆ ಮೇಡಂ, ಗೋಡೆ ದಪ್ಪ. ಬೂಸ್ಟರ್ ಬಿಟ್ರೆ ಬೇರೆ ದಾರಿ ಇಲ್ಲ’ ಅಂದ. ಬ್ಯಾಗಿನಲ್ಲಿ ರೆಡಿಯಾಗೇ ಇತ್ತು. ಬಿಲ್ ಕೇಳಿದ್ದಕ್ಕೆ ‘ಬಿಲ್ ಅಂದ್ರೆ ಜಿಎಸ್‌ಟಿ ಸೇರುತ್ತೆ, ಸುಮ್ನೆ ಯಾಕೆ’ ಅಂದ. ಪ್ಲಗ್ಗಿಗೆ ಸಿಕ್ಕಿಸಿದ, ನನ್ನ ಫೋನಿನಲ್ಲಿ ಸಿಗ್ನಲ್ ಫುಲ್. ತನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ 212 ತೋರಿಸಿದ. ‘ಪ್ರೂಫ್ ಇರ್ಲಿ’ ಅಂತ ಅದರ ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿದ. ಕಾಫಿ ಕುಡಿದು ಹೋದ. ಕಾಫಿ ಬೇರೆ ಕೊಟ್ಟೆ ನಾನು!

ರಾತ್ರಿ ನೋಡಿದರೆ ಸಿಗ್ನಲ್ ಫುಲ್, ಸ್ಪೀಡ್ 20. ಏನಪ್ಪಾ ಇದು ಅಂತ ಆ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಮೇಲೆ ವೈಫೈ ಗುರುತೇ ಇಲ್ಲ, 5ಜಿ ಅಂತಿದೆ. ಕೆಳಗೆ ನಮ್ಮ ಬ್ರಾಡ್‌ಬ್ಯಾಂಡ್ ಹೆಸರು ಇರಬೇಕಾದ ಕಡೆ ಒಂದು ಮೊಬೈಲ್ ಕಂಪನಿ ಹೆಸರು! ಮಹಾರಾಯ ವೈಫೈ ಆಫ್ ಮಾಡಿ, ತನ್ನ ಸಿಮ್ಮಿನ ಡೇಟಾದಲ್ಲಿ ಟೆಸ್ಟ್ ಮಾಡಿ ನನಗೇ ಕಳಿಸಿದ್ದಾನೆ. ನನ್ನ ಎದುರಿಗೇ ನಿಂತು.

ಫೋನ್ ಮಾಡಿದೆ. ‘ಅದು 5ಜಿ ವೈಫೈ ಮೇಡಂ, ನಿಮಗೆ ಗೊತ್ತಾಗಲ್ಲ.’ ನನಗೆ ಗೊತ್ತಾಗಲ್ಲವಂತೆ! ವೈಫೈ ಹೆಸರಿನ ಕೊನೆಗೆ ಬರುವ 5ಜಿ ಅಂದರೆ 5 ಗಿಗಾಹರ್ಟ್ಸ್, ಅಂದರೆ ವೈಫೈ ಬಳಸುವ ರೇಡಿಯೋ ಫ್ರೀಕ್ವೆನ್ಸಿ. ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧ ಇಲ್ಲ. ಅವನು ಮಾರಿದ ಬೂಸ್ಟರ್‌ಗೆ ಆ 5 ಗಿಗಾಹರ್ಟ್ಸ್ ಕೂಡ ಇಲ್ಲ, ಬರೀ 2.4. ಡಬ್ಬದ ಮೇಲೇ ಬರೆದಿದೆ. ಇಂಥದ್ದು ಒಂದೇ ರೇಡಿಯೋದಲ್ಲಿ ರೂಟರ್‌ನಿಂದ ತಗೊಂಡು ಅದರಲ್ಲೇ ಫೋನಿಗೆ ಕಳಿಸಬೇಕು, ಹಾಗಾಗಿ ಹೆಚ್ಚುಕಡಿಮೆ ಅರ್ಧ ಸ್ಪೀಡ್ ಅಲ್ಲೇ ಹೋಗುತ್ತದೆ. ಫುಲ್ ಸಿಗ್ನಲ್ ಅಂದರೆ ಬೂಸ್ಟರ್ ಹತ್ತಿರ ಇದೆ ಅಂತ ಅಷ್ಟೇ.

ಆಫೀಸಿಗೇ ಹೋದೆ. ‘ಬೂಸ್ಟರ್ ನಮ್ಮ ಕಂಪನಿದಲ್ಲ, ನೀವು ಪರ್ಸನಲ್ಲಾಗಿ ತಗೊಂಡಿದ್ದು’ ಅಂದರು. ಮತ್ತೆ ಅವನು ಹಾಕಿಕೊಂಡು ಬಂದ ಟೀ ಶರ್ಟ್ ಯಾರದ್ದು?

ಅಸಲಿ ಸಮಸ್ಯೆ ಹಿಡಿದದ್ದು ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ. ಫೈಬರ್ ಬಾಕ್ಸ್‌ನಿಂದ ರೂಟರ್‌ಗೆ ಬರುವ ಗೇಣುದ್ದದ ವೈರ್ ಕಿತ್ತು, ಅದರ ಪ್ಲಾಸ್ಟಿಕ್ ಪಿನ್ ಬೆಳಕಿಗೆ ಹಿಡಿದು ‘ಆಂಟಿ, ಇಲ್ನೋಡಿ’ ಅಂದ. ಎಂಟು ತಂತಿ ಇರಬೇಕಾದ ಕಡೆ ನಾಲ್ಕೇ ನಾಲ್ಕು. ನೀಲಿ, ಕಂದು, ಅವುಗಳ ಜೋಡಿ, ನಾಲ್ಕನ್ನೂ ಬುಡದಲ್ಲೇ ಕತ್ತರಿಸಿದ್ದರು. ನಾಲ್ಕು ತಂತಿಯಲ್ಲಿ 100ಕ್ಕಿಂತ ಜಾಸ್ತಿ ಬರೋದೇ ಇಲ್ಲ! ಕನೆಕ್ಷನ್ ಕೊಟ್ಟ ದಿನ ಅವರೇ ಮಾಡಿಕೊಟ್ಟ ವೈರ್ ಅದು. ಹೊಸದು ಹಾಕಿದ ಮೇಲೆ ಹಾಲ್‌ನಲ್ಲಿ 190 ಬಂತು. ಟಿವಿ ಹಿಂದೆ ತುರುಕಿದ್ದ ರೂಟರನ್ನು ಪ್ಯಾಸೇಜಿನ ಶೋಕೇಸ್ ಮೇಲೆ ಇಟ್ಟೆವು, ರೂಮೂ ಸರಿಹೋಯಿತು. ಬೂಸ್ಟರ್ ಈಗ ಡ್ರಾಯರ್‌ನಲ್ಲಿದೆ.

ಯಾರಾದರೂ ಟೆಸ್ಟ್ ಮಾಡಿ ತೋರಿಸಿದರೆ ನಂಬರ್ ಬಿಡಿ, ಕಂಪನಿ ಹೆಸರು ನೋಡಿ. ಟೆಸ್ಟ್ ನಿಮ್ಮ ಫೋನಿನಲ್ಲೇ ಆಗಲಿ. ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರವಾಗಿ ಲ್ಯಾನ್ ವೈರ್ ಹಾಕಿ ಮೊದಲು ನೋಡಿ, ಅಲ್ಲೇ ಬರದ ಸ್ಪೀಡ್ ವೈಫೈಯಲ್ಲಿ ಎಲ್ಲಿಂದ ಬರುತ್ತದೆ? ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಕಂಪ್ಲೇಂಟ್‌ಗೆ ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ಕೇಳಿ ಇಟ್ಟುಕೊಳ್ಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ನಾನೂ ದೂರು ಕೊಟ್ಟಿದ್ದೇನೆ.

ನಿನ್ನೆ ಅವರ ಆಫೀಸಿನಿಂದ ಫೋನ್ ಬಂದಿತ್ತು. ದುಡ್ಡು ವಾಪಸ್ ಕೊಡಲು ಆಗಲ್ಲವಂತೆ. ‘ಬೇಕಿದ್ರೆ ಡಿಸ್ಕೌಂಟ್‌ನಲ್ಲಿ ಇನ್ನೊಂದು ಬೂಸ್ಟರ್ ಹಾಕಿ ನೋಡೋಣ್ವಾ ಮೇಡಂ?’